ಯಾರೂ ಕೂಲಿಗೆ ಹೋಗದ ಓಣಿ

ಹೂವಿನ ಹಿಪ್ಪರಗಿಯ ಪಿಂಜಾರ ಓಣಿಗೆ ಆ ಹೆಣ್ಣುಮಗಳು ಕಾಲಿಟ್ಟಾಗಲೇ ಸುಲ್ತಾನಬಿಗೆ ಏನೋ ಸರಿಯಿಲ್ಲ ಅನಿಸಿತು. ಕೈಗೆ ಗಡಿಯಾರ, ಕಾಲಿಗೆ ಚಪ್ಪಲಿ, ಹೆಗಲಿಗೆ ಖಾಕಿ ಚೀಲ. ಮುಂದೆ ಊರ ವಾಲೀಕಾರ ಮಾಳಿಂಗಪ್ಪ ಕೋಲು ಊರುತ್ತ ಒಂದೊಂದೇ ಮನೆ ತೋರಿಸುತ್ತ ಬರುತ್ತಿದ್ದ. ಬಿಜಾಪುರದ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಸುಗ್ಗಿ ಅದು. ಹತ್ತಿ ಒಡೆದು ಎರೆಹೊಲಗಳೆಲ್ಲ ಬೆಳ್ಳಗಾಗಿದ್ದವು. ಚುನಾವಣೆಯೂ ಹತ್ತಿರವಿದ್ದುದರಿಂದ ಓಣಿಯ ಹೆಂಗಸರು ಮೊದಲು ಅವಳನ್ನು ಓಟು ಕೇಳುವವಳೆಂದೇ ತಿಳಿದರು. ಆದರೆ ಓಟು ಕೇಳುವವರು ನಗುತ್ತಾರೆ, ಕೈ ಮುಗಿಯುತ್ತಾರೆ. ಇವಳು ಮನೆಮನೆಯ ಕಟ್ಟೆಯ ಮೇಲೆ ಕೂತು, ಹೆಣ್ಣುಮಕ್ಕಳು ಕೂಲಿಗೆ ಹೋಗುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದಳು.

ಆ ಮಾತು ಕಿವಿಗೆ ಬಿದ್ದದ್ದೇ ಸುಲ್ತಾನಬಿ ಥಟ್ಟನೆ ಎದ್ದು ನಿಂತಳು.

ಕಾರಣವಿತ್ತು. ಅದಕ್ಕೆ ಹದಿನೈದು ದಿನ ಹಿಂದೆ ಇಂಡಿ ತಾಲೂಕಿನ ಸಾಲೋಟಗಿಯಿಂದ ಜೈತುನಬಿ ಎಂಬ ಹೆಂಗಸು ಬೇರೆ ಮನೆಗೆ ಕೊಟ್ಟ ನಾದಿನಿಯನ್ನು ಕಟ್ಟಿಕೊಂಡು ಬಂದು ಸುಲ್ತಾನಬಿಯ ಮಗಳು ಅಬಿದಾಳನ್ನು ನೋಡಿಕೊಂಡು ಹೋಗಿದ್ದಳು. ಮಗ ಜೈನುದ್ದೀನ ಇಂಡಿಯ ಅಡತಿ ಅಂಗಡಿಯಲ್ಲಿ ಹತ್ತಿ ತೂಗುತ್ತಾನೆ, ತಿಂಗಳ ಪಗಾರ ಎಂದಿದ್ದಳು. ಹುಡುಗಿಯ ಮುಖ ನೋಡಿದಳು, ಅಡುಗೆಯ ಕೈ ನೋಡಿದಳು, ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು ಒಂದು ಮಾತು ಕೇಳಿದಳು.

"ಅಕ್ಕಾರ, ನಿಮ್ಮ ಮನಿ ಹೆಣ್ಮಕ್ಕಳು ಹೊಲಕ್ಕ ಹೋಗತಾರೇನ್ರಿ?"

"ಛೇ, ಎಲ್ಲೀದರೀ!" ಅಂದಿದ್ದಳು ಸುಲ್ತಾನಬಿ ಥಟ್ಟನೆ. "ನಮ್ಮ ಮನಿಯವರು ಗಾದಿ ತುಂಬಿ ತಂದು ಹಾಕತಾರ. ನಾವ್ಯಾಕ ಮಂದಿ ಹೊಲಕ್ಕ ಹೋಗೂಣು?"

ಜೈತುನಬಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಹಂಗೇನ್ರಿ" ಅಂದಳು. ಅಷ್ಟೇ. ಆ "ಹಂಗೇನ್ರಿ" ಅವತ್ತಿನಿಂದ ಸುಲ್ತಾನಬಿಯ ಕಿವಿಯಲ್ಲಿ ಗುಂಗಿಹುಳದಂತೆ ಸುತ್ತುತ್ತಿತ್ತು. ಗಂಡ ಮೋದಿನಸಾಬ ಬಿಲ್ಲು ಹೆಗಲಿಗೇರಿಸಿ ಸಿಂದಗಿ ಕಡೆಯ ಹಳ್ಳಿಗಳಲ್ಲಿ ಹತ್ತಿ ಹಿಂಜುತ್ತ ತಿರುಗುತ್ತಿದ್ದುದು ನಿಜ. ಅದರಿಂದ ಮನೆ ನಡೆಯುವುದಿಲ್ಲ ಎಂಬುದೂ ಅಷ್ಟೇ ನಿಜ. ತಾಯಿ ಮಗಳು ಇಬ್ಬರೂ ಹತ್ತಿ ಬಿಡಿಸಲು, ಜೋಳ ಕೊಯ್ಯಲು ಹೋಗುತ್ತಿದ್ದರು. ಓಣಿಯ ಎಲ್ಲ ಹೆಂಗಸರೂ ಹೋಗುತ್ತಿದ್ದರು.

ಈಗ ಈ ಗಡಿಯಾರದ ಹೆಂಗಸು ಅದೇ ಪ್ರಶ್ನೆ ಹಿಡಿದು ಬಂದಿದ್ದಳು. ಸುಲ್ತಾನಬಿ ಒಳಗೆ ಓಡಿದಳು. ಹತ್ತಿ ಬಿಡಿಸುವಾಗ ಸೊಂಟಕ್ಕೆ ಕಟ್ಟುವ ಜೋಳಿಗೆಗಳನ್ನು ಕಣಜದ ಹಿಂದೆ ತುರುಕಿ, ಅಬಿದಾಳಿಗೆ ಒಗೆದ ಸೀರೆ ಉಡಿಸಿ, ಕೈಗೆ ಕೌದಿ ಸೂಜಿ ಕೊಟ್ಟು ಕೂರಿಸಿದಳು.

"ಯಾಕ ಯವ್ವಾ?"

"ಸುಮ್ಕ ಕೂಡು. ಕೇಳಿದ್ದಕ್ಕೆಲ್ಲ ನಾ ಹೇಳ್ತೇನಿ."

ಬಂದವಳ ಹೆಸರು ಇಂದೂಬಾಯಿ. ಬಿಜಾಪುರದವಳು, ಇನ್ನೂ ಇಪ್ಪತ್ತೈದರ ಒಳಗಿನ ವಯಸ್ಸು. ಮಾಳಿಂಗಪ್ಪನ ಜೊತೆ ಮರಾಠಿ ಬೆರೆಸಿ, ಇವರ ಜೊತೆ ಮೆಲ್ಲನೆಯ ಕನ್ನಡದಲ್ಲಿ ಮಾತಾಡಿದಳು. ಹೊಲದ ಕೂಲಿಯವರಿಗೆ ಏನು ಸಿಗುತ್ತದೆ, ವರ್ಷದಲ್ಲಿ ಎಷ್ಟು ಕಾಲ ಕೆಲಸವಿರುತ್ತದೆ ಎಂದು ಸರ್ಕಾರ ತಿಳಿಯಬೇಕೆಂದಿದೆ, ಗಂಡಸರನ್ನು ಕೇಳಲು ಬೇರೆಯವರಿದ್ದಾರೆ, ಹೆಂಗಸರನ್ನು ಕೇಳಲು ತನ್ನನ್ನು ಕಳಿಸಿದ್ದಾರೆ ಎಂದಳು. ಕುಡಿಯಲು ನೀರು ಕೇಳಿ, ಹಣೆ ಒರೆಸಿಕೊಂಡು, "ಹೋದ ವಾರ ಇಂಡಿ ಕಡೆ ಸಾಲೋಟಗಿಯೊಳಗ ಇದ್ದೆ. ಅಲ್ಲೂ ಬಿಸಲು ಹಿಂಗ ಸುಡತಿತ್ತು" ಅಂದಳು.

ಸಾಲೋಟಗಿ! ಸುಲ್ತಾನಬಿ ತಂಬಿಗೆಯನ್ನು ಕೆಳಗಿಟ್ಟಳು. ಇನ್ನೇನು ಬೇಕು? ಸರ್ಕಾರವಂತೆ, ಕೂಲಿಯಂತೆ! ಸರ್ಕಾರಕ್ಕೆ ತನ್ನ ಮಗಳು ಹತ್ತಿ ಬಿಡಿಸುವುದರಿಂದ ಆಗಬೇಕಾದ್ದೇನು? ಬಲು ಹುಷಾರಿ ಹೆಂಗಸು ಈ ಜೈತುನಬಿ. ತನ್ನವರನ್ನು ಕಳಿಸಿದರೆ ಗುರುತು ಹತ್ತುತ್ತದೆಂದು ಓದಿದ ಬಾಯಾರೊಬ್ಬರನ್ನು ಹಿಡಿದು ಕಳಿಸಿದ್ದಾಳೆ.

"ನೀವು ಕೂಲಿಗೆ ಹೋಗ್ತೀರೇನು?"

"ಇಲ್ರಿ ಬಾಯಾರ. ಮನಿ ಬಿಟ್ಟು ಹೊರಗ ಬೀಳೂದಿಲ್ಲ ನಾ."

"ಮಗಳು?"

"ಆಕೀಗಂತೂ ಹೊಲದ ಹಾದಿನೂ ಗೊತ್ತಿಲ್ರಿ. ಕೌದಿ ಹೊಲಿತಾಳ, ಕೂಡತಾಳ."

ಸೂಜಿ ಹಿಡಿದ ಅಬಿದಾ ತಲೆ ಎತ್ತಿ ತಾಯಿಯನ್ನು ನೋಡಿದಳು. ಇಂದೂಬಾಯಿಯ ಕಣ್ಣು ಹುಡುಗಿಯ ಸೆರಗಿಗೆ ಅಂಟಿದ್ದ ಹತ್ತಿಯ ಎಳೆಯ ಮೇಲೆ ಹೋಯಿತು.

"ಪಿಂಜಾರ ಮನಿ ರೀ ಇದು," ಅಂದಳು ಸುಲ್ತಾನಬಿ ಅವಸರದಿಂದ. "ಹತ್ತಿ ಇರದ ಮತ್ತೇನು ಇರತೈತಿ?"

ಆ ಕಣ್ಣು ಅಲ್ಲಿಂದ ಅಬಿದಾಳ ಬೆರಳಿಗೆ ಇಳಿಯಿತು. ಒಣಗಿದ ಹತ್ತಿಕಾಯಿಯ ಮೊನೆ ಚುಚ್ಚಿ ಚುಚ್ಚಿ ಉಗುರಿನ ಸುತ್ತ ಗೀರು ಬಿದ್ದಿದ್ದವು. ಇಂದೂಬಾಯಿ ಚೀಲದಿಂದ ಹಾಳೆ ತೆಗೆದಳು. ಹೇಳಿದ್ದನ್ನು ಬರೆದುಕೊಂಡು ಎದ್ದಳು. ಸುಮ್ಮನೆ ಹೋದದ್ದರಿಂದಲೇ ಸುಲ್ತಾನಬಿಗೆ ಹೆಚ್ಚು ಭಯವಾಯಿತು. ಬೈದಾಡುವವರನ್ನು ನಂಬಬಹುದು, ನೋಡಿಯೂ ಸುಮ್ಮನಿರುವವರನ್ನು ನಂಬಬಾರದು.

ತನ್ನ ಮನೆಯೊಂದೇ ಸುಳ್ಳು ಹೇಳಿದರೆ ಸಾಲದು. ಮುಂದಿನ ಮನೆಯವರು ಬಾಯಿ ಬಿಟ್ಟರೆ ಮುಗಿಯಿತು. ಹಿತ್ತಲಿನಿಂದ ಹೋಗಿ ಪಕ್ಕದ ಪೀರಬಿಯ ಕಿವಿಯಲ್ಲಿ ಉಸುರಿದಳು: "ಹೊಲದ ಕಂದಾಯದಂಗ ಕೂಲಿ ಮ್ಯಾಲೂ ಪಟ್ಟಿ ಹಾಕತಾರಂತ. ಯಾರು ಹೋಗ್ತೇವಿ ಅಂತಾರ, ಅವರ ಹೆಸರು ಹಚ್ಚಿಕೊಂಡು ಹೋಗತಾರಂತ."

"ಯಾ ಅಲ್ಲಾ! ಕೂಲಿಗೂ ಪಟ್ಟಿ?" ಪೀರಬಿ ಎದೆ ಬಡಿದುಕೊಂಡಳು. ಆಮೇಲೆ ಸುಲ್ತಾನಬಿ ಏನೂ ಮಾಡಬೇಕಾಗಲಿಲ್ಲ. ಇಂದೂಬಾಯಿ ಎಷ್ಟು ನಡೆದಳೋ ಅದರ ದುಪ್ಪಟ್ಟು ವೇಗದಲ್ಲಿ ಮಾತು ನಡೆಯಿತು. ಸಂಜೆಯ ಹೊತ್ತಿಗೆ ಇಡೀ ಓಣಿಯಲ್ಲಿ ಹೊಲದ ಮಣ್ಣು ತುಳಿದ ಹೆಂಗಸು ಒಬ್ಬಳೂ ಉಳಿಯಲಿಲ್ಲ.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಪಟ್ಟಿಯ ಹೆದರಿಕೆಗೆ ಓಣಿಯವರು ಮರುದಿನ ಹೊಲಕ್ಕೂ ಹೋಗಲಿಲ್ಲ. ಬಾಯಾರು ಊರು ಬಿಡುವವರೆಗೆ ಬೇಡವೆಂದು ಕೂತರು. ಸುಗ್ಗಿಯ ಕೂಲಿ ಕೈಬಿಟ್ಟರೆ ಮುಂದೆ ಮೃಗಶಿರದ ಮಳೆಯವರೆಗೆ ಕೈ ಖಾಲಿ. ಪೀರಬಿಯ ಗಂಡ ಗೈಬುಸಾಬ ಕೆಮ್ಮಿನಿಂದ ಮಲಗಿದ್ದ. ಅವಳ ಕೂಲಿಯ ಮೇಲೆಯೇ ಒಲೆ ಉರಿಯಬೇಕು. ಅದು ಗೊತ್ತಿದ್ದೂ ಸುಲ್ತಾನಬಿ ಬಾಯಿ ಬಿಡಲಿಲ್ಲ. ಬದಲಿಗೆ ಎರಡನೆಯ ದಿನ ಇನ್ನೂ ಬೆಳ್ಳಿ ಮೂಡುವ ಮೊದಲೇ ಅಬಿದಾಳನ್ನು ಎಬ್ಬಿಸಿಕೊಂಡು, ಊರ ಹಾದಿ ಬಿಟ್ಟು ಹಳ್ಳದ ದಾರಿ ಹಿಡಿದು, ತಮ್ಮನ್ನು ಯಾರೂ ಗುರುತಿಸದ ಪಕ್ಕದೂರಿನ ಹೊಲಕ್ಕೆ ಹೋದಳು.

ಅಲ್ಲಿಯೇ ಸಿಕ್ಕಿಬಿದ್ದಳು. ಬಿಸಿಲು ಏರುವ ಹೊತ್ತಿಗೆ ಬದುವಿನ ಮೇಲೆ ಆ ಹೊಲದ ಗೌಡ ಬಂದ. ಅವನ ಹಿಂದೆ ಖಾಕಿ ಚೀಲ. ಇಂದೂಬಾಯಿ ಸಾಲು ಸಾಲಾಗಿ ಹೆಂಗಸರನ್ನು ನೋಡುತ್ತ ಬಂದಳು. ಸುಲ್ತಾನಬಿ ಸೆರಗನ್ನು ಮೂಗಿನವರೆಗೆ ಎಳೆದು ಬಗ್ಗಿದಳು. ಅಬಿದಾ ಬಗ್ಗಲಿಲ್ಲ. ಜೋಳಿಗೆ ತುಂಬಿದ್ದ ಹುಡುಗಿ ನೆಟ್ಟಗೆ ನಿಂತಿದ್ದಳು, ಅವಳ ಕಣ್ಣಿಗೆ ಇಂದೂಬಾಯಿಯ ಕಣ್ಣು ಕೂಡಿತು.

ಗೌಡನ ಮುಂದೆ ಇಂದೂಬಾಯಿ ಗುರುತು ತೋರಲಿಲ್ಲ. ಹಾದುಹೋಗಿ ಬೇವಿನ ನೆರಳಲ್ಲಿ ಕೂತಳು. ಬುತ್ತಿ ಬಿಚ್ಚುವ ಹೊತ್ತಾಗಿ ಗೌಡ ಅತ್ತ ಹೋದಮೇಲೆ ಸುಲ್ತಾನಬಿ ಕಾಲೆಳೆಯುತ್ತ ಅಲ್ಲಿಗೆ ಬಂದಳು.

"ಬಾಯಾರ, ಕೈ ಮುಗಿತೇನಿ. ಆಕೀ ಮುಂದ ಹೇಳಬ್ಯಾಡ್ರಿ."

"ಯಾರ ಮುಂದ?"

"ಯಾರು ನಿಮ್ಮನ್ನ ಕಳಿಸ್ಯಾರ, ಅವರ ಮುಂದ. ಸಾಲೋಟಗಿ ಜೈತುನಬಿ ಮುಂದ. ಮಗಳ ಬಾಳೇ ರೀ. ತಪ್ಪು ನಂದು, ಹುಡುಗೀದಲ್ಲ."

ಇಂದೂಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗಬಹುದಿತ್ತು, ನಗಲಿಲ್ಲ.

"ನನ್ನನ್ನ ಯಾವ ಬೀಗರೂ ಕಳಿಸಿಲ್ರಿ. ಖರೇನ ಸರ್ಕಾರದ ಕೆಲಸ ಇದು. ಯಾರು ಏನು ಹೇಳಿದ್ರು ಅಂತ ಇನ್ನೊಬ್ಬರಿಗೆ ಹೇಳೂ ಹಂಗಿಲ್ಲ. ನಿಮ್ಮ ಓಣಿಯೊಳಗ ಒಬ್ಬಾಕಿನೂ ದುಡಿಯೂದಿಲ್ಲ ಅಂತ ಬರಕೊಂಡು ಹೋಗಿ ಕೊಟ್ರ, ಹಿಪ್ಪರಗಿ ಹೆಣ್ಮಕ್ಕಳಿಗೆ ಕೂಲಿ ಹೆಚ್ಚು ಮಾಡೂ ಗರಜೇ ಇಲ್ಲ ಅಂತಾರ. ಅದು ಆಗಬಾರದು ಅಂತ ನೋಡಾಕ ಬಂದೆ."

ಸುಲ್ತಾನಬಿ ನಂಬಲೋ ಬಿಡಲೋ ಎಂದು ನಿಂತಿರುವಾಗಲೇ ಅಬಿದಾ ಬಂದು ನೆಲಕ್ಕೆ ಕೂತಳು.

"ನಂದು ಬರಕೋರಿ ಬಾಯಾರ. ನಾ ಸಣ್ಣಾಕಿದ್ದಾಗಿಂದ ದುಡೀತೇನಿ. ಹೊಲದ ಹಾದಿ ಗೊತ್ತಿಲ್ಲದಾಕಿ ಅಂತ ಬರದೀರೆಲ್ಲಾ, ಅದನ್ನ ಹೊಡದು ಹಾಕ್ರಿ."

ಮಗಳ ದನಿಯಲ್ಲಿ ಸಿಟ್ಟಿತ್ತು. ಅವತ್ತು ಕೌದಿ ಸೂಜಿ ಹಿಡಿಸಿ ಕೂರಿಸಿದ್ದು ಇವಳಿಗೆ ಇಷ್ಟು ನಾಟಿದೆ ಎಂದು ಸುಲ್ತಾನಬಿಗೆ ತಿಳಿದಿರಲಿಲ್ಲ. ಹುಡುಗಿ ಹೇಳುತ್ತ ಹೋದಳು: ಜೋಳ ಕೊಯ್ದರೆ ಕಾಳು ಕೊಡುತ್ತಾರೆ, ಹತ್ತಿಗೆ ಆಣೆ ಲೆಕ್ಕ, ಕಸ ತೆಗೆಯುವಾಗ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಸಾಲು, ಕೂಲಿ ಮಾತ್ರ ಒಂದೇ ಅಲ್ಲ. ಇಂದೂಬಾಯಿ ಬರೆಯುತ್ತ ಹೋದಳು.

ಕೇಳುತ್ತ ನಿಂತ ಸುಲ್ತಾನಬಿಯ ತಲೆಯಲ್ಲಿ ಹೊಸದೊಂದು ವಿಚಾರ ಮೊಳೆಯಿತು. ಈ ಹೆಂಗಸು ಜೈತುನಬಿಯ ಕಡೆಯವಳಲ್ಲ ಎಂದಾದರೆ, ಜೈತುನಬಿಯ ಮನೆಯನ್ನು ಕಂಡವಳಂತೂ ಹೌದಲ್ಲ?

"ಬಾಯಾರ," ಅಂದಳು ದನಿ ಇಳಿಸಿ, "ಸಾಲೋಟಗಿಯೊಳಗ ಅವರ ಮನಿಗೂ ಹೋಗಿದ್ರೇನು? ಹುಡುಗ ತಿಂಗಳ ಪಗಾರದ ಮ್ಯಾಲ ಅದಾನಂತ, ಖರೇನ್ರಿ?"

"ಅದನ್ನ ಹೇಳಾಕ ಬರೂದಿಲ್ರಿ."

"ಒಂದು ಮಾತು. ಹೌದು ಅಂದ್ರ ಹೌದು, ಇಲ್ಲಂದ್ರ ಇಲ್ಲ."

"ನಿಮ್ಮ ಮಾತು ಅವರಿಗೆ ಹೇಳೂದಿಲ್ಲ ಅಂದೆನಲ್ಲ? ಅವರ ಮಾತು ನಿಮಗೂ ಹೇಳೂದಿಲ್ಲ." ಇಂದೂಬಾಯಿ ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಹೊರಟಳು.

ಒಳ್ಳೆಯದಿದ್ದರೆ ಹೇಳಲು ಏನು ಅಡ್ಡಿ ಎಂದುಕೊಂಡಳು ಸುಲ್ತಾನಬಿ. ಮುಚ್ಚಿಡುವಂಥದ್ದು ಏನೋ ಇದೆ. ತಿಂಗಳ ಪಗಾರದ ಗಂಡು ಇಂಡಿ ಸುತ್ತಮುತ್ತ ಹೆಣ್ಣು ಸಿಗದೆ ಇಷ್ಟು ದೂರದ ಹಿಪ್ಪರಗಿಗೆ ಯಾಕೆ ಬರಬೇಕು?

ಸಂಜೆ ಮನೆಗೆ ಬಂದಾಗ ಪೀರಬಿ ಬಾಗಿಲಲ್ಲೇ ನಿಂತಿದ್ದಳು. ಹಳ್ಳದ ದಾರಿಯಲ್ಲಿ ಇವರು ಬಂದದ್ದನ್ನು ಯಾರೋ ಅವಳಿಗೆ ಹೇಳಿಯಾಗಿತ್ತು.

"ನಮ್ಮನ್ನ ಮನಿಯಾಗ ಕುಂದರಿಸಿ ನೀ ಹೋಗಿ ಬಂದಿ," ಅಂದಳು. ಕೂಗಾಡಲಿಲ್ಲ. "ನಮ್ಮವರಿಗೆ ಇವತ್ತು ಗಂಜಿಗೂ ಜ್ವಾಳಾ ಕಡಾ ತಂದೇನಿ."

ಸುಲ್ತಾನಬಿ ಕಣಜದಿಂದ ಒಂದು ಮೊರ ಜೋಳ ತುಂಬಿ ತಂದು ಅವಳ ಉಡಿಗೆ ಸುರಿದು, ಪಟ್ಟಿಯ ಮಾತು ತಾನೇ ಹುಟ್ಟಿಸಿದ್ದೆಂದು ಹೇಳಿದಳು. ಪೀರಬಿ ಜೋಳ ತೆಗೆದುಕೊಂಡಳು, ಮಾತು ಬಿಟ್ಟಳು. ಮರುದಿನ ಓಣಿಯವರೆಲ್ಲ ಕೂಲಿಗೆ ಹೋದರು. ಸುಲ್ತಾನಬಿಯ ಜೊತೆ ಮಾತ್ರ ಯಾರೂ ನಡೆಯಲಿಲ್ಲ.

ಸಾಲೋಟಗಿಯಿಂದ ಸುದ್ದಿಯೇ ಬರಲಿಲ್ಲ. ಮೋದಿನಸಾಬ ಸಿಂದಗಿ ಸುತ್ತಿ ಮನೆಗೆ ಬಂದ ದಿನ ಹೆಂಡತಿ ಅವನಿಗೆ ಉಸಿರಾಡಲು ಬಿಡಲಿಲ್ಲ.

"ನಾಳೆ ಸಾಲೋಟಗಿಗೆ ಹೋಗೂಣು. ಅವರು ನಿಮ್ಮನ್ನ ನೋಡಿಲ್ಲ. ನೀವು ಬಿಲ್ಲು ತಗೊಂಡು ಹತ್ತಿ ಹಿಂಜಾವರಂಗ ಊರಾಗ ತಿರುಗ್ರಿ, ಆ ಮನಿ ಹಾಲತ್ತು ತಿಳಕೊಳ್ರಿ. ನಾ ಊರ ಹೊರಗ ಕೂಡತೇನಿ."

"ಬೀಗತನ ಮಾಡಾಕ ಹೊಂಟೀವೋ, ಕಳ್ಳರನ್ನ ಹಿಡ್ಯಾಕ ಹೊಂಟೀವೋ?" ಅಂದ ಮೋದಿನಸಾಬ. ಆದರೂ ಹೊರಟ.

ಬಿಜಾಪುರದಲ್ಲಿ ಬಸ್ಸು ಬದಲಿಸಿ ಇಂಡಿಗೆ ಇಳಿದರು. ಅಡತಿ ಅಂಗಡಿಗಳ ಸಾಲಿನಲ್ಲಿ ಮೋದಿನಸಾಬ ಹಮಾಲನೊಬ್ಬನನ್ನು ಮಾತಿಗೆಳೆದ. ಜೈನುದ್ದೀನನೇ? ಅಗೋ, ಆ ದೊಡ್ಡ ತಕ್ಕಡಿಯ ಹತ್ತಿರ ನಿಂತವನು. ಒಳ್ಳೆಯ ಹುಡುಗ, ತೂಕದಲ್ಲಿ ಕೈ ಶುದ್ಧ. ಪಗಾರ? ಹೌದು, ಪಗಾರವೇ, ಆದರೆ ಹತ್ತಿ ಬರುವ ತಿಂಗಳಷ್ಟೇ. ಹತ್ತಿ ಮುಗಿದರೆ ಅಂಗಡಿಯವರು ಮನೆಗೆ ಕಳಿಸುತ್ತಾರೆ.

ಬೆಲ್ಲದ ಅಂಗಡಿಯ ಮರೆಯಲ್ಲಿ ನಿಂತು ಸುಲ್ತಾನಬಿ ಹುಡುಗನನ್ನು ನೋಡಿದಳು. ಎತ್ತರದ ಆಳು. ರೈತನೊಬ್ಬನ ಹತ್ತಿಯ ಅಂಡಿಗೆ ಇಳಿಸಲು ತಾನೇ ಹೆಗಲು ಕೊಟ್ಟ. ಚೆನ್ನಾಗಿದ್ದಾನೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು. "ನಾ ಅಂದಿದ್ನಿಲ್ಲ?" ಅಂದಳು ಗಂಡನಿಗೆ. "ವರ್ಷ ಪೂರ್ತಿ ಪಗಾರ ಅಂದಂಗ ಹೇಳಿದ್ಲು. ಇನ್ನ ಏನೇನು ಮುಚ್ಯಾರೋ!"

ಸಾಲೋಟಗಿಯ ಹಾದಿ ಹತ್ತಿಹೊಲಗಳ ನಡುವೆ ಹೋಗುತ್ತದೆ. ಊರು ಇನ್ನೂ ಅರ್ಧ ಹರದಾರಿ ಇರುವಾಗಲೇ ಹಾದಿಯ ಮಗ್ಗುಲ ಹೊಲದಿಂದ ಯಾರೋ ಕೂಗಿದರು.

"ಯಾರು ಅವರು? ಹಿಪ್ಪರಗಿ ಅಕ್ಕಾರೇನ್ರಿ?"

ಸೊಂಟಕ್ಕೆ ಜೋಳಿಗೆ ಕಟ್ಟಿಕೊಂಡು, ತಲೆಗೆ ವಸ್ತ್ರ ಸುತ್ತಿಕೊಂಡು ಜೈತುನಬಿಯೇ ನಿಂತಿದ್ದಳು. ಮೋದಿನಸಾಬ ಬಿಲ್ಲನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ಆಳೆತ್ತರದ ಬಿಲ್ಲು ಎಲ್ಲಿ ಅಡಗಬೇಕು? ಸುಲ್ತಾನಬಿಗೆ ಮಾತ್ರ ನಾಚಿಕೆಗಿಂತ ಗೆಲುವೇ ಮುಂದಾಯಿತು.

"ನೀವೂ ಕೂಲಿಗೆ ಬರತೀರೆಲ್ರಿ ಮತ್ತ!"

"ಕೂಲಿ ಅಲ್ರಿ, ನಮ್ಮದ ಹೊಲ," ಅಂದಳು ಜೈತುನಬಿ. "ಒಳಗ ಬರ್ರಿ. ಬಿಸಲಾಗ ಯಾಕ ನಿಂತೀರಿ?"

ಬದುವಿನ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಬಂದ ಕಾರಣ ಕೇಳಲೂ ಇಲ್ಲ. ಮಜ್ಜಿಗೆ ಗಂಟಲಿಗಿಳಿಯುವ ಮೊದಲೇ ಸುಲ್ತಾನಬಿ ಅಂದುಬಿಟ್ಟಳು:

"ನಿಮ್ಮ ಹುಡುಗನ ಪಗಾರ ಹತ್ತಿ ಇರೂತನಕ ಅಷ್ಟೇ ಅಂತ."

"ಹೌದು. ಪೂರ್ತಿ ಹೇಳಿದ್ರ ಹೆಣ್ಣು ಕೊಡ್ತಾರೋ ಇಲ್ಲೋ ಅಂತ ಅರ್ಧಾ ಹೇಳಿದ್ನಿ." ಜೈತುನಬಿ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡಳು. "ಉಳದ ದಿನ ಈ ಹೊಲದಾಗ ದುಡಿತಾನ. ಆದ್ರ ಈಗ ಅದರ ಮಾತು ಯಾಕ ಬಿಡ್ರಿ. ನಿಮ್ಮ ಹುಡುಗಿ ನಮ್ಮ ಮನಿಗೆ ಹೊಂದೂದಿಲ್ಲ ಅಂತ ನಾವು ಕೈಬಿಟ್ಟೇವಿ. ಹೊಲದ ಹಾದಿ ತುಳೀದ ಹುಡುಗೀನ ತಂದು ನಾ ಏನ ಮಾಡ್ಲಿ? ಮನಿಯಾಗ ಹೆಂಗಸಂದ್ರ ನಾ ಒಬ್ಬಾಕಿ, ನನಗ ಸೊಂಟ ಹಿಡಿದೈತಿ."

ಆ "ಹಂಗೇನ್ರಿ" ಎಂಬುದು ಸಂಶಯದ್ದಲ್ಲ, ನಿರಾಸೆಯದ್ದಾಗಿತ್ತು! ಪಕ್ಕದಲ್ಲಿ ಮೋದಿನಸಾಬ ಗಡ್ಡದಲ್ಲಿ ನಗುತ್ತಿದ್ದ.

"ನಮ್ಮ ಅಬಿದಾ," ಅಂದ ಅವನು, "ಒಂದು ಸಾಲು ಹಿಡಿದ್ಲಂದ್ರ ಉಳದವರು ಆಕೀ ಬೆನ್ನು ನೋಡಬೇಕು, ಅಷ್ಟ."

ಜೈತುನಬಿಯ ಮುಖ ಅರಳಿತು. "ಹಂಗಂತ ಅವತ್ತ ಹೇಳಬಾರದೇನ್ರಿ ಅಕ್ಕಾರ!"

ಆ ಅರಳಿದ ಮುಖ ನೋಡಿದ್ದೇ ಸುಲ್ತಾನಬಿಯ ಒಳಗೆ ಮತ್ತೊಂದು ಮುಳ್ಳು ಎದ್ದಿತು. ಕಣ್ಣು ಹೊಲದ ತುಂಬ ಓಡಿತು. ಇಷ್ಟು ದೊಡ್ಡ ಹೊಲ. ಬಿಡಿಸುವ ಕೈ ಒಂದು. ಕೂಲಿ ಕೊಟ್ಟು ಹೆಣ್ಣಾಳು ಹಿಡಿಯುವ ಬದಲು ಸೊಸೆ ತಂದರೆ ವರ್ಷವಿಡೀ ಪುಕ್ಕಟೆ. ಇಲ್ಲಿಯವರೆಗೆ ಮಗಳು ದುಡಿಯುತ್ತಾಳೆಂಬುದನ್ನು ಮುಚ್ಚಿಡಲು ಓಣಿಯ ಹೊಟ್ಟೆಯ ಮೇಲೆ ಹೊಡೆದಿದ್ದವಳಿಗೆ ಈಗ ಆ ದುಡಿಮೆ ಹೀಗೆ ಬಿಟ್ಟಿಯಾಗಿ ಹೋಗುವುದನ್ನು ಸಹಿಸಲಾಗಲಿಲ್ಲ.

"ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ನಿಮಗ ಸೊಸಿ ಬೇಕಾಗ್ಯಾಳೋ, ಆಳು ಬೇಕಾಗ್ಯಾಳೋ?"

ಮೋದಿನಸಾಬನ ನಗು ನಿಂತಿತು. ಜೈತುನಬಿ ಮಜ್ಜಿಗೆಯ ಗಡಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಇನ್ನು ಎದ್ದು ಹೋಗೆನ್ನುತ್ತಾಳೆ ಎಂದುಕೊಂಡು ಸುಲ್ತಾನಬಿ ಸೆರಗು ಸರಿಮಾಡಿಕೊಂಡಳು.

"ನನ್ನನ್ನ ಕೊಡುವಾಗ ನಮ್ಮವ್ವ ಇದನ್ನ ಕೇಳಲಿಲ್ಲ," ಅಂದಳು ಜೈತುನಬಿ ಕೊನೆಗೆ. "ನಾ ಈ ಮಣ್ಣಾಗ ಎಷ್ಟು ದುಡದೇನೋ, ಕೈಯಾಗ ಒಂದಾಣೆ ಅಂತ ಯಾರೂ ಇಟ್ಟಿಲ್ಲ. ಮೊನ್ನೆ ಒಬ್ಬರು ಬಾಯಾರು ಬಂದು ನೀವು ಏನು ಕೆಲಸ ಮಾಡ್ತೀರಿ ಅಂದ್ರು. ಮನಿ ಕೆಲಸ ಅಂದ್ನಿ. ಆಮ್ಯಾಲ ಅನಿಸ್ತು, ಹಂಗಾದ್ರ ಈ ಹೊಲ ಯಾರು ಮಾಡಿದ್ರು?"

ಅವಳು ಹೇಳಿದ್ದು ಅಳುವ ದನಿಯಲ್ಲಲ್ಲ. ಆದರೂ ಸುಲ್ತಾನಬಿಯ ಸಂಶಯದ ಕಾವು ಮೊದಲ ಬಾರಿಗೆ ಇಳಿಯಿತು. ಇಬ್ಬರೂ ಅಲ್ಲಿಯೇ ಕೂತು ಮಾತಾಡಿದರು. ಸ್ವಂತ ಹೊಲದ ಕೆಲಸ ಮನೆಯವರೆಲ್ಲರದು, ಸರಿ. ಅಬಿದಾ ಬೇರೆಯವರ ಹೊಲಕ್ಕೆ ಹೋದರೆ ಆ ಕೂಲಿ ಅಬಿದಾಳದ್ದು. ಗಂಡನಾಗಲಿ ಮಾವನಾಗಲಿ ಕೈ ಚಾಚಬಾರದು. ಹತ್ತಿ ಮಾರಿದ ಮೇಲೆ ಅವಳಿಗೆ ಒಂದು ಪಾಲು.

"ನಮ್ಮವರು ಒಪ್ಪಬೇಕಲ್ರಿ," ಅಂದಳು ಜೈತುನಬಿ. ಗಂಡ ಇಬ್ರಾಹಿಂಸಾಬ ಹಟಮಾರಿ. "ಒಪ್ಪಸ್ತೇನಿ. ಆಕೀ ಪಾಲಿನ ಜೋಡಿ ನಂದೂ ಒಂದು ಪಾಲು ಕೇಳ್ತೇನಿ. ಒಂದಕ್ಕ ಒಪ್ಪದವರು ಎರಡು ಕೇಳಿದ್ರ ಒಂದಕ್ಕ ಇಳೀತಾರ."

ಇಬ್ರಾಹಿಂಸಾಬ ಒಂದು ವಾರ ಮಾತು ಬಿಟ್ಟನಂತೆ. ಆಮೇಲೆ ಹೂಂ ಅಂದ. ಹುಡುಗಿಯನ್ನು ಕೇಳಿದಾಗ ಅಬಿದಾ, "ಕಡೀಗಾದ್ರೂ ಖರೇ ಹೇಳಿದವರ ಮನಿಗೆ ಹೋಗ್ತೇನಿ" ಅಂದಳು. ರಮಜಾನ್ ಮುಗಿದ ಮೇಲೆ ನಿಕಾಹ್ ಆಯಿತು. ಪೀರಬಿ ಮದುವೆಯ ಅಡುಗೆಗೆ ಬಂದಳು. ಈರುಳ್ಳಿ ಹೆಚ್ಚುತ್ತ, "ಇದಕ್ಕರ ಕೂಲಿ ಐತೋ, ಇಲ್ಲಾ ಇದಕ್ಕೂ ಪಟ್ಟಿ ಹಾಕ್ತೀಯೋ?" ಎಂದು ಎಲ್ಲರೆದುರು ಚುಚ್ಚಿದಳು. ಸುಲ್ತಾನಬಿ ಅವಳ ಮುಂದಿನ ಈರುಳ್ಳಿಯಲ್ಲಿ ಅರ್ಧ ಎಳೆದುಕೊಂಡು ತಾನೂ ಹೆಚ್ಚಲು ಕೂತಳು.

ಮುಂದಿನ ಹತ್ತಿಯ ಕಾಲಕ್ಕೆ, ಮೊದಲು ಬಿಡಿಸಿದ ಹತ್ತಿ ಮಾರಾಟವಾದ ಮೇಲೆ, ಸುಲ್ತಾನಬಿ ಮಗಳ ಮನೆಗೆ ಹೋದಳು. ಮನೆಗೆ ಬೀಗ, ಎಲ್ಲರೂ ಹೊಲದಲ್ಲಿದ್ದರು. ಅಬಿದಾಳನ್ನು ಬದುವಿನಾಚೆ ಎಳೆದುಕೊಂಡು ಹೋಗಿ, "ಖರೇ ಹೇಳು. ಪಾಲು ಅಂದಿದ್ರೆಲ್ಲಾ, ಕೈಯಾಗ ಬಂತೋ ಇಲ್ಲೋ?" ಅಂದಳು.

"ಬಂತ ಯವ್ವಾ. ಅಂದಷ್ಟು ಬರಲಿಲ್ಲ, ಜಗಳಾ ಮಾಡಿದ್ಮ್ಯಾಲ ಬಂತು."

"ಯಾರು ಮಾಡಿದ್ರು ಜಗಳಾ?"

"ನಮ್ಮತ್ತಿ."

ಸುಲ್ತಾನಬಿ ಹೊಲದ ನಡುವೆ ಬಗ್ಗಿದ್ದ ಜೈತುನಬಿಯ ಕಡೆ ನೋಡಿದಳು. ಪೂರ್ತಿ ನಂಬಿಕೆ ಅವಳಿಗೆ ಇನ್ನೂ ಬಂದಿರಲಿಲ್ಲ. ಬರುವುದೂ ಅವಳ ಸ್ವಭಾವದಲ್ಲಿರಲಿಲ್ಲ. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀಗತಿಯ ಪಕ್ಕದ ಸಾಲಿಗೆ ಇಳಿದು ಹತ್ತಿ ಬಿಡಿಸತೊಡಗಿದಳು.